ಬಿದ್ದ ಮೇಲೂ ವಿಶ್ವದಾಖಲೆ: ಲಾಸ್ಸೆ ವಿರೆನ್ ಆ ದಿನ ಮಾಡಿದ್ದೇನು?

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. 3000 ಮೀಟರ್ ಓಟ ಸುಮಾರು 12 ನಿಮಿಷದಲ್ಲಿ ಓಡುತ್ತಾಳೆ, 800 ಮೀಟರ್ 2 ನಿಮಿಷ 50 ಸೆಕೆಂಡಿನಲ್ಲಿ. ಮೊನ್ನೆ ಜಿಲ್ಲಾ ಕೂಟದಲ್ಲಿ ಮೂರನೇ ಸುತ್ತಿನಲ್ಲಿ ಕಾಲು ತೊಡರಿ ಬಿದ್ದಳು. ತಕ್ಷಣ ಎದ್ದು ಜೋರಾಗಿ ಓಡಿ ಗುಂಪನ್ನು ಹಿಡಿದಳು. ಆದರೆ ಐದನೇ ಸುತ್ತಿಗೆ ಸುಸ್ತಾಗಿ ಕೊನೆಯವಳಾದಳು. ಅವಳ ಬೇಸರ ನೋಡಿ ಸಂಬಂಧಿಕರೊಬ್ಬರು ಒಂದು ವಾಟ್ಸಾಪ್ ಮೆಸೇಜ್ ಕಳಿಸಿದರು. ಫಿನ್‌ಲೆಂಡಿನ ಒಬ್ಬ ಪೊಲೀಸ್ ಒಲಿಂಪಿಕ್ಸ್‌ನಲ್ಲಿ ಬಿದ್ದು, ಒಂದು ನಿಮಿಷ ಟ್ರ್ಯಾಕಿನ ಮೇಲೇ ಮಲಗಿದ್ದು, ಆಮೇಲೆ ಬರೀ ಛಲದಿಂದ ಎದ್ದು ಬರಿಗಾಲಲ್ಲಿ ಓಡಿ ಚಿನ್ನ ಗೆದ್ದ, ವಿಶ್ವದಾಖಲೆಯನ್ನೂ ಮಾಡಿದ ಎಂದು ಅದರಲ್ಲಿದೆ. ಇದು ನಿಜವೇ? ಆತ ರಕ್ತ ಏರಿಸಿಕೊಂಡು ಓಡಿದ್ದ ಎಂದು ಇನ್ನೊಬ್ಬರು ಹೇಳುತ್ತಾರೆ. ಮಗಳಿಗೆ ಆತನ ಕಥೆ ಹೇಳಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಉತ್ತರ: ಧಾರಾಳವಾಗಿ ಹೇಳಿ. ಆದರೆ ವಾಟ್ಸಾಪ್‌ನಲ್ಲಿ ಬಂದ ಹಾಗೆ ಹೇಳಬೇಡಿ. ಬಿದ್ದದ್ದು, ಚಿನ್ನ, ವಿಶ್ವದಾಖಲೆ, ಪೊಲೀಸ್ ಕೆಲಸ, ನಾಲ್ಕೂ ನಿಜ. ಒಂದು ನಿಮಿಷ ಮಲಗಿದ್ದು ಸುಳ್ಳು. ಬರಿಗಾಲು ಸುಳ್ಳು. ಅದು ಎಲ್ಲಿಂದ ಹುಟ್ಟಿರಬಹುದು ಅಂತ ಆಮೇಲೆ ಹೇಳುತ್ತೇನೆ. ‘ಬರೀ ಛಲ’ ಅನ್ನುವ ಮಾತಿದೆಯಲ್ಲ, ನನ್ನ ತಕರಾರು ಜಾಸ್ತಿ ಇರುವುದು ಅದರ ಮೇಲೆ.

ಆತನ ಹೆಸರು ಲಾಸ್ಸೆ ವಿರೆನ್. ಹುಟ್ಟಿದ್ದು 1949ರ ಜುಲೈ 22ರಂದು, ದಕ್ಷಿಣ ಫಿನ್‌ಲೆಂಡಿನ ಮ್ಯುರ್ಸ್‌ಕ್ಯುಲ ಎಂಬ ಸಣ್ಣ ಊರಿನಲ್ಲಿ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಸುತ್ತ ಪೈನ್ ಕಾಡು, ಮಣ್ಣಿನ ದಾರಿ, ಚಳಿಗಾಲದಲ್ಲಿ ಹಿಮ. ಫಿನ್ನಿಶ್ ಭಾಷೆಯಲ್ಲಿ ‘ಮ್ಯುರ್ಸ್‌ಕ್ಯು’ ಅಂದರೆ ಬಿರುಗಾಳಿ. ಹೆಸರು ಕೇಳಿ ಏನೇನೋ ಕಲ್ಪಿಸಿಕೊಳ್ಳಬೇಡಿ. ಆಸಾಮಿ ತೆಳ್ಳಗೆ, ಕುರುಚಲು ಗಡ್ಡ, ಮಾತು ಕಮ್ಮಿ. ಅದೇ ಊರಲ್ಲಿ ಪೊಲೀಸ್ ಕೆಲಸ. (ಓಟಗಾರರನ್ನು ಏಕವಚನದಲ್ಲಿ ಕರೆಯುವುದು ನಮ್ಮ ಮೈದಾನದ ಚಾಳಿ. ಅಗೌರವ ಅಂದುಕೊಳ್ಳಬೇಡಿ.)

ಈಗ ಆ ಓಟಕ್ಕೆ ಬರೋಣ. 1972ರ ಸೆಪ್ಟೆಂಬರ್ 3, ಮ್ಯೂನಿಕ್, 10,000 ಮೀಟರ್ ಫೈನಲ್. ಟ್ರ್ಯಾಕಿನಲ್ಲಿ 25 ಸುತ್ತು. ಬ್ರಿಟನ್ನಿನ ಡೇವ್ ಬೆಡ್‌ಫರ್ಡ್ ಮೊದಲಿನಿಂದಲೇ ಜೋರಾಗಿ ಎಳೆಯುತ್ತಿದ್ದ. ಹಿಂದೆ ಬೆಲ್ಜಿಯಂನ ಎಮಿಲ್ ಪುಟೆಮಾನ್ಸ್, ಸ್ಪೇನ್‌ನ ಮಾರಿಯಾನೊ ಹಾರೊ, ಇಥಿಯೋಪಿಯಾದ ಮಿರುಟ್ಸ್ ಯಿಫ್ಟರ್, ಟ್ಯುನೀಶಿಯಾದ ಮೊಹಮ್ಮದ್ ಗಮ್ಮೂದಿ. ಇವರ ಮಧ್ಯೆ ವಿರೆನ್. ಅರ್ಧ ದೂರಕ್ಕೆ ಸ್ವಲ್ಪ ಮುಂಚೆ, 12ನೇ ಸುತ್ತಿನಲ್ಲಿ, ಪುಟೆಮಾನ್ಸ್ ಕಾಲಿಗೆ ವಿರೆನ್ ಕಾಲು ತೊಡರಿತು. ಬಿದ್ದ. ಹಿಂದೆ ಬರುತ್ತಿದ್ದ ಗಮ್ಮೂದಿ ಅವನ ಕಾಲಿಗೆ ಎಡವಿ ತಾನೂ ಬಿದ್ದ. ಗಮ್ಮೂದಿ ಅಂದರೆ ಸಾಮಾನ್ಯನಲ್ಲ, 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 5000 ಮೀಟರ್ ಚಿನ್ನ ಗೆದ್ದವನು. ಅವನು ಎದ್ದು ಸ್ವಲ್ಪ ಓಡಿ, ಕೈಚೆಲ್ಲಿ ಟ್ರ್ಯಾಕ್ ಬಿಟ್ಟು ಹೋದ.

ವಿರೆನ್ ಕೂಡಲೇ ಎದ್ದ. ಕಳೆದುಕೊಂಡದ್ದು ಹೆಚ್ಚುಕಮ್ಮಿ 20 ಮೀಟರ್. ಆ ವೇಗದಲ್ಲಿ ಅದು ಮೂರು ಸೆಕೆಂಡ್ ಚಿಲ್ಲರೆ. ಅಷ್ಟೇ. ಅರ್ಧ ಸುತ್ತಿನ ಆಸುಪಾಸಿನಲ್ಲೇ ಗುಂಪಿನ ಬಾಲ ಹಿಡಿದಿದ್ದ. ಕೊನೆಯ ಎರಡು ಸುತ್ತನ್ನು 1 ನಿಮಿಷ 56 ಸೆಕೆಂಡ್ ಚಿಲ್ಲರೆಯಲ್ಲಿ ಓಡಿ ಪುಟೆಮಾನ್ಸ್‌ನನ್ನು ಎರಡನೆಯವನನ್ನಾಗಿ, ಯಿಫ್ಟರ್‌ನನ್ನು ಮೂರನೆಯವನನ್ನಾಗಿ ಮಾಡಿದ. ಸಮಯ 27 ನಿಮಿಷ 38.4 ಸೆಕೆಂಡ್. ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ 1965ರಲ್ಲಿ ಆಸ್ಲೊದಲ್ಲಿ ಮಾಡಿದ್ದ 27:39.4ರ ದಾಖಲೆಗಿಂತ ಒಂದು ಸೆಕೆಂಡ್ ಕಮ್ಮಿ. ಅಷ್ಟು ಹೊತ್ತು ಎಳೆದ ಬೆಡ್‌ಫರ್ಡ್ ಆರನೆಯವನು.

ಗಮನಿಸಿದಿರಾ? ವಿರೆನ್ ಬಿದ್ದ ತಕ್ಷಣ ಮಾಡಿದ್ದನ್ನೇ ನಿಮ್ಮ ಮಗಳೂ ಮಾಡಿದಳು. ಎದ್ದಳು, ನುಗ್ಗಿದಳು, ಹಿಡಿದಳು. ಛಲದಲ್ಲಿ ಅವಳೇನೂ ಕಮ್ಮಿ ಇಲ್ಲ. ಅವನಿಗೆ ಗಿಟ್ಟಿತು, ಅವಳಿಗೆ ಗಿಟ್ಟಲಿಲ್ಲ. ಯಾಕೆ ಅಂತ ತಿಳಿಯಲು ಒಂದು ಕಾಗದ, ಪೆನ್ನು ತಗೊಳ್ಳಿ. ಪಕ್ಕದಲ್ಲಿ ಮಗಳನ್ನೂ ಕೂರಿಸಿಕೊಳ್ಳಿ.

ಮೊದಲು ವಿರೆನ್ ಲೆಕ್ಕ. 27:38ರ ಓಟ ಅಂದರೆ ಸರಾಸರಿ ಒಂದು ಸುತ್ತಿಗೆ 66 ಸೆಕೆಂಡ್ ಚಿಲ್ಲರೆ. 20 ಮೀಟರ್ ಅಂತರವನ್ನು 200 ಮೀಟರಿನಲ್ಲಿ ಮುಚ್ಚಬೇಕಾದರೆ, ಉಳಿದವರು 180 ಮೀಟರ್ ಓಡುವಷ್ಟರಲ್ಲಿ ತಾನು 200 ಓಡಬೇಕು. ಹಾಗೆ ಓಡಲು ಸುತ್ತಿಗೆ 60 ಸೆಕೆಂಡಿನ ವೇಗ ಬೇಕು. ಕಷ್ಟ ಅನಿಸುತ್ತದೆ ಅಲ್ವಾ? ಆದರೆ ಇದೇ ಮನುಷ್ಯ 9200 ಮೀಟರ್ ಓಡಿದ ಮೇಲೆ ಸುತ್ತಿಗೆ 58ರಂತೆ ಎರಡು ಪೂರ್ತಿ ಸುತ್ತು ಹೊಡೆದಿದ್ದಾನೆ. ಅಂದರೆ ಅರ್ಧ ಸುತ್ತು 60ರ ವೇಗದಲ್ಲಿ ಓಡುವುದು ಅವನ ಅಳತೆಯ ಒಳಗೇ ಇತ್ತು. ಜೇಬಿನಲ್ಲಿ ನೂರು ರೂಪಾಯಿ ಇದ್ದವನು ಹತ್ತು ಖರ್ಚು ಮಾಡಿದ ಹಾಗೆ.

ಈಗ ಮಗಳ ಲೆಕ್ಕ. 12 ನಿಮಿಷಕ್ಕೆ 3000 ಅಂದರೆ ಸುತ್ತಿಗೆ 96 ಸೆಕೆಂಡ್. ಬಿದ್ದು ಏಳಲು ನಾಲ್ಕು ಸೆಕೆಂಡ್ ಹೋಯಿತು ಅಂತಿಟ್ಟುಕೊಳ್ಳಿ, ಸುಮಾರು 17 ಮೀಟರ್. ಅದನ್ನು ಅರ್ಧ ಸುತ್ತಿನಲ್ಲಿ ಹಿಡಿಯಲು ಅವಳು ಸುತ್ತಿಗೆ 88 ಸೆಕೆಂಡಿನ ವೇಗದಲ್ಲಿ ಹೋಗಬೇಕು. ಅವಳ 800 ಮೀಟರ್ 2:50, ಅಂದರೆ ಸುತ್ತಿಗೆ 85. ಬರೀ ಎರಡು ಸುತ್ತಿನ ಓಟವನ್ನು ಪೂರ್ತಿ ಶಕ್ತಿ ಹಾಕಿ ಓಡುವಾಗಿನ ವೇಗಕ್ಕೆ ಇದು ಎಷ್ಟು ಹತ್ತಿರ ಇದೆ ನೋಡಿ. ಅದೂ ಬಿದ್ದ ಗಾಬರಿಯಲ್ಲಿ, ಇನ್ನೂ ಐದು ಸುತ್ತು ಬಾಕಿ ಇರುವಾಗ. ಅಲ್ಲೇ ಜೇಬು ಖಾಲಿಯಾಯಿತು. ಐದನೇ ಸುತ್ತಿನಲ್ಲಿ ನೀವು ನೋಡಿದ್ದು ಅದರ ಬಿಲ್ಲು.

ಫಿನ್‌ಲೆಂಡಿನವರಿಗೆ ‘ಸಿಸು’ ಅಂತ ಒಂದು ಪದ ಇದೆ. ಪಟ್ಟು, ಛಲ, ಗಟ್ಟಿ ಗುಂಡಿಗೆ ಎಲ್ಲ ಸೇರಿದ ಅರ್ಥ. ವಿರೆನ್ ಬಗ್ಗೆ ಬರೆಯುವವರೆಲ್ಲ ಈ ಪದ ತರುತ್ತಾರೆ. ನನಗೆ ಇದು ಸೋಮಾರಿ ವಿವರಣೆ ಅನಿಸುತ್ತದೆ. ಛಲ ಇದ್ದಿದ್ದು ನಿಜ. ಆದರೆ ಜೇಬು ತುಂಬಿದ್ದು ಹೇಗೆ ಅನ್ನುವುದೇ ಅವನ ಅಸಲಿ ಕಥೆ.

ಅದಕ್ಕೆ ಒಂದು ವರ್ಷ ಹಿಂದೆ ಹೋಗಬೇಕು. 1971ರಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ನಡೆದದ್ದು ಅವರದ್ದೇ ಹೆಲ್ಸಿಂಕಿಯಲ್ಲಿ. 5000 ಮತ್ತು 10,000 ಎರಡನ್ನೂ ಫಿನ್‌ಲೆಂಡಿನವನೇ ಗೆದ್ದ. ಆದರೆ ಅವನು ಯುಹಾ ವಾತಾಯ್ನೆನ್. ನಮ್ಮ ವಿರೆನ್ 5000ದಲ್ಲಿ ಏಳನೆಯವನು, 10,000ದಲ್ಲಿ 17ನೆಯವನು. ವರ್ಷ ಕಳೆಯುವುದರೊಳಗೆ ಆ ಹದಿನೇಳನೆಯವನು ಒಲಿಂಪಿಕ್ ಚಾಂಪಿಯನ್.

ಇಲ್ಲಿ ಕೋಚ್ ಬರುತ್ತಾರೆ. ಹೆಸರು ರೋಲ್ಫ್ ಹೈಕ್ಕೊಲ. ಅವರೂ ಅದೇ ಮ್ಯುರ್ಸ್‌ಕ್ಯುಲದವರು, ಒಂದು ಕಾಲದ ಓಟಗಾರರು. ನ್ಯೂಜಿಲೆಂಡಿನ ಹೆಸರಾಂತ ತರಬೇತುದಾರ ಆರ್ಥರ್ ಲಿಡಿಯಾರ್ಡ್ 1960ರ ದಶಕದ ಕೊನೆಯಲ್ಲಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಫಿನ್‌ಲೆಂಡಿನಲ್ಲಿದ್ದು ಅಲ್ಲಿಯ ಕೋಚ್‌ಗಳಿಗೆ ತಮ್ಮ ಪದ್ಧತಿ ಹೇಳಿಕೊಟ್ಟಿದ್ದರು. ಅವರ ಪದ್ಧತಿ ಕೇಳಲು ಸುಲಭ, ಮಾಡಲು ಕಷ್ಟ. ಮೊದಲು ತಿಂಗಳುಗಟ್ಟಲೆ ಬರೀ ದೂರ. ವಾರಕ್ಕೆ 160 ಕಿಲೋಮೀಟರ್, ಜಾಸ್ತಿ ಏದುಸಿರು ಬರದ ಹದದಲ್ಲಿ. ಆಮೇಲೆ ಗುಡ್ಡ ಹತ್ತುವ ಓಟ. ಅದಾದ ಮೇಲೆ ವೇಗ. ಮುಖ್ಯ ಸ್ಪರ್ಧೆ ಹತ್ತಿರ ಬಂದಾಗ ಹೊರೆ ಇಳಿಸಿ ಕಾಲು ಚುರುಕು ಮಾಡುವುದು. ಅಡಿಪಾಯ ಹಾಕುವ ತಿಂಗಳಲ್ಲಿ ಯಾರೋ ಪಕ್ಕದಲ್ಲಿ ಜೋರಾಗಿ ಓಡಿದರೆ ಓಡಲಿ, ನೀನು ಸುಮ್ನೆ ಇರು.

ಹೈಕ್ಕೊಲ ಇದನ್ನು ವಿರೆನ್ ಮೈಗೆ ಹೊಂದಿಸಿದರು. ಕಾಡಿನ ಮಣ್ಣಿನ ದಾರಿಗಳಲ್ಲಿ ದಿನಕ್ಕೆ ಎರಡು ಹೊತ್ತು ಓಟ. ನಾಡಿ ಲೆಕ್ಕ ಇಟ್ಟುಕೊಂಡು, ಅದೇ ವೇಗಕ್ಕೆ ಬಡಿತ ಎಷ್ಟು ಇಳಿದಿದೆ ಎಂದು ಆಗಾಗ ಪರೀಕ್ಷೆ. ಚಳಿಗಾಲದಲ್ಲಿ ಹಿಮದಿಂದ ತಪ್ಪಿಸಿಕೊಳ್ಳಲು ಬಿಸಿಲಿನ ದೇಶಗಳಿಗೆ, ಕೆನ್ಯಾದ ಎತ್ತರದ ಜಾಗಗಳಿಗೂ ಹೋಗಿ ತರಬೇತಿ. ಅವರ ಒಂದು ಅಭ್ಯಾಸ ನನಗೆ ಬಹಳ ಇಷ್ಟ. ಟ್ರ್ಯಾಕಿನಲ್ಲಿ 50 ಮೀಟರ್ ಜೋರು, 50 ಮೀಟರ್ ಸಡಿಲ, ಮತ್ತೆ 50 ಜೋರು. ನಿಲ್ಲುವುದಿಲ್ಲ, ನಡೆಯುವುದಿಲ್ಲ. ಹೀಗೇ ಸುತ್ತಿನ ಮೇಲೆ ಸುತ್ತು. ಓಡುತ್ತಿರುವಾಗಲೇ ವೇಗ ಏರಿಸಿ, ಓಡುತ್ತಿರುವಾಗಲೇ ಸುಧಾರಿಸಿಕೊಳ್ಳುವ ಕಲೆ ಇದರಿಂದ ಕಾಲಿಗೆ ಬರುತ್ತದೆ. ಮ್ಯೂನಿಕ್‌ನ 12ನೇ ಸುತ್ತಿನಲ್ಲಿ ಬೇಕಾಗಿದ್ದು ಇದೇ ತಾನೆ?

1972ರ ಬೇಸಿಗೆಯಲ್ಲಿ ಫಲ ಕಾಣತೊಡಗಿತು. ಆಗಸ್ಟ್ 14ರಂದು ಸ್ಟಾಕ್‌ಹೋಮ್‌ನಲ್ಲಿ ಎರಡು ಮೈಲಿ ಓಟದಲ್ಲಿ 8:14.0ರ ವಿಶ್ವದಾಖಲೆ. ಹಾಗಾಗಿ ಮೂರು ವಾರ ಆದ ಮೇಲೆ ಮ್ಯೂನಿಕ್‌ನಲ್ಲಿ ‘ಯಾರೀ ಅನಾಮಿಕ’ ಅಂತ ಕೇಳಿದವರು ಪತ್ರಿಕೆ ಸರಿಯಾಗಿ ಓದಿರಲಿಲ್ಲ ಅಷ್ಟೇ.

10,000 ಗೆದ್ದ ಎರಡೇ ದಿನಕ್ಕೆ, ಸೆಪ್ಟೆಂಬರ್ 5ರಂದು, ಕ್ರೀಡಾಗ್ರಾಮಕ್ಕೆ ನುಗ್ಗಿದ ಉಗ್ರರು ಇಸ್ರೇಲಿನ ಕ್ರೀಡಾಪಟುಗಳನ್ನು ಒತ್ತೆಯಿಟ್ಟರು. ಇಸ್ರೇಲ್ ತಂಡದ 11 ಜನ ಸತ್ತರು. ಒಲಿಂಪಿಕ್ಸ್ ನಿಂತು ಮತ್ತೆ ಶುರುವಾಯಿತು. 5000 ಮೀಟರ್ ಫೈನಲ್ ನಡೆದದ್ದು ಸೆಪ್ಟೆಂಬರ್ 10ಕ್ಕೆ. ಅಮೆರಿಕದ 21 ವರ್ಷದ ಸ್ಟೀವ್ ಪ್ರಿಫಾಂಟೇನ್ ಕೊನೆಯ ಒಂದು ಮೈಲಿ ಇರುವಾಗ ವೇಗ ಏರಿಸಿದ. ಆ ಹುಡುಗನ ಧೈರ್ಯ ಇವತ್ತಿಗೂ ಮಾತಾಗುತ್ತದೆ. ಕೊನೆಗೆ ಅವನು ನಾಲ್ಕನೆಯವನಾದ. ವಿರೆನ್ 13:26.4ರಲ್ಲಿ ಮೊದಲಿಗ. ಎರಡನೆಯವನು ಯಾರು ಗೊತ್ತೇ? ವಾರದ ಹಿಂದೆ ಇವನ ಕಾಲಿಗೆ ಎಡವಿ ಬಿದ್ದಿದ್ದ ಗಮ್ಮೂದಿ. ಅದೇ ದಿನ 1500 ಮೀಟರನ್ನೂ ಫಿನ್‌ಲೆಂಡಿನ ಪೆಕ್ಕ ವಸಾಲ ಗೆದ್ದ, ಅದೂ ಕೆನ್ಯಾದ ಕಿಪ್ ಕೈನೊ ಎದುರು.

ಆ ದೇಶಕ್ಕೆ ಇದು ಎಷ್ಟು ದೊಡ್ಡದು ಅಂತ ತಿಳಿಯಲು ಹಿಂದಿನ ಲೆಕ್ಕ ನೋಡಬೇಕು. 1912ರಿಂದ 1936ರವರೆಗೆ ನಡೆದ ಆರು ಒಲಿಂಪಿಕ್ಸ್‌ಗಳಲ್ಲಿ ಐದರ 10,000 ಮೀಟರ್ ಚಿನ್ನ ಫಿನ್‌ಲೆಂಡಿನದು. ಹಾನ್ನೆಸ್ ಕೊಲೆಹ್ಮಾಯ್ನೆನ್, ಪಾವೊ ನುರ್ಮಿ, ವಿಲ್ಲೆ ರಿಟೊಲ, ಮತ್ತೆ ನುರ್ಮಿ, ಆಮೇಲೆ ಇಲ್ಮಾರಿ ಸಾಲ್ಮಿನೆನ್. 1936ರ ಬರ್ಲಿನ್‌ನಲ್ಲಂತೂ ಮೊದಲ ಮೂರೂ ಸ್ಥಾನ ಅವರದ್ದೇ. ‘ಫ್ಲೈಯಿಂಗ್ ಫಿನ್’ ಅಂತ ಹೆಸರು ಬಂದದ್ದು ಆ ಕಾಲದಲ್ಲಿ. ಆಮೇಲೆ 36 ವರ್ಷ ಟ್ರ್ಯಾಕಿನ ದೂರದ ಓಟದಲ್ಲಿ ಒಂದೂ ಒಲಿಂಪಿಕ್ ಚಿನ್ನ ಇಲ್ಲ. ಒಂಬತ್ತು ಚಿನ್ನದ ನುರ್ಮಿ 1972ರಲ್ಲಿ ಇನ್ನೂ ಬದುಕಿದ್ದರು. ತೀರಿಕೊಂಡದ್ದು ಮರುವರ್ಷ ಅಕ್ಟೋಬರಿನಲ್ಲಿ.

ಮ್ಯೂನಿಕ್ ಮುಗಿಸಿ ಊರಿಗೆ ಬಂದ ವಿರೆನ್, ಸೆಪ್ಟೆಂಬರ್ 14ಕ್ಕೆ ಹೆಲ್ಸಿಂಕಿಯಲ್ಲಿ 5000 ಮೀಟರ್ ವಿಶ್ವದಾಖಲೆಯನ್ನೂ ಮುರಿದ, 13:16.4. ಆರು ದಿನ ಆದ ಮೇಲೆ ಪುಟೆಮಾನ್ಸ್ ಅದನ್ನು 13:13.0ಕ್ಕೆ ಇಳಿಸಿದ. ಪಾಪ, ಅವನಿಗೂ ಏನಾದರೂ ಸಿಗಬೇಕಿತ್ತು ಬಿಡಿ.

ಇದಾದ ಮೇಲೆ ವಿರೆನ್ ಮಾಯ. ನಿಜವಾಗಿ ಓಡುತ್ತಲೇ ಇದ್ದ, ಸೋಲುತ್ತಲೂ ಇದ್ದ. ಕಾಲಿನ ತೊಂದರೆಯೂ ಕಾಡಿತು. 1974ರಲ್ಲಿ ರೋಮ್‌ನ ಯುರೋಪಿಯನ್ ಕೂಟದಲ್ಲಿ 5000ದಲ್ಲಿ ಕಂಚು, 10,000ದಲ್ಲಿ ಏಳನೆಯ ಸ್ಥಾನ. ಇಡೀ ಜೀವನದಲ್ಲಿ ಯುರೋಪಿಯನ್ ಚಿನ್ನ ಅವನಿಗೆ ಸಿಗಲೇ ಇಲ್ಲ. ಒಲಿಂಪಿಕ್ ಚಿನ್ನ ನಾಲ್ಕು!

1976ರ ಮಾಂಟ್ರಿಯಲ್. ಆಫ್ರಿಕಾದ ದೇಶಗಳು ಆ ಒಲಿಂಪಿಕ್ಸ್ ಬಹಿಷ್ಕರಿಸಿದವು. ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ನ್ಯೂಜಿಲೆಂಡಿನ ರಗ್ಬಿ ತಂಡ ಹೋಗಿದ್ದು ಕಾರಣ. ಹಾಗಾಗಿ ಯಿಫ್ಟರ್ ಇರಲಿಲ್ಲ. ವಿರೆನ್ ಗೆಲುವಿನ ಪಕ್ಕ ಈ ಮಾತನ್ನೂ ಬರೆದಿಡುವುದು ನ್ಯಾಯ. 10,000 ಫೈನಲ್‌ನಲ್ಲಿ ಪೋರ್ಚುಗಲ್‌ನ ಕಾರ್ಲೊಸ್ ಲೋಪೆಸ್ ಸುತ್ತಿನ ಮೇಲೆ ಸುತ್ತು ಎಳೆದ. ಒಬ್ಬೊಬ್ಬರೇ ಕಳಚಿಕೊಂಡರು. ವಿರೆನ್ ಮಾತ್ರ ಅವನ ನೆರಳಿನ ಹಾಗೆ ಹಿಂದೆ. ಕೊನೆಯ ಸುತ್ತಿನ ಗಂಟೆ ಬಾರಿಸುವ ಹೊತ್ತಿಗೆ ದಾಟಿ ಹೋದ. 27:40.38. ಲೋಪೆಸ್ ಐದು ಸೆಕೆಂಡ್ ಹಿಂದೆ.

ಗೆದ್ದ ಮೇಲೆ ಶೂ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು ಜನರತ್ತ ಬೀಸುತ್ತಾ ಒಂದು ಸುತ್ತು ಬಂದ. ನಿಮ್ಮ ವಾಟ್ಸಾಪ್‌ನ ‘ಬರಿಗಾಲು’ ಬಹುಶಃ ಈ ಫೋಟೊದಿಂದ ಹುಟ್ಟಿರಬೇಕು. ಅದು ಅಮೆಚೂರ್ ಕಾಲ, ಅಂದರೆ ಓಟವನ್ನು ದುಡ್ಡಿನ ದಂಧೆ ಮಾಡಬಾರದು ಅನ್ನುವ ಕಾಲ, ಓಟಗಾರ ಒಂದು ಬ್ರಾಂಡಿನ ಜಾಹೀರಾತು ಮಾಡುವ ಹಾಗಿರಲಿಲ್ಲ. ಒಲಿಂಪಿಕ್ ಸಮಿತಿಯವರು ವಿಚಾರಣೆಗೆ ಕರೆದರು. ಕಾಲಲ್ಲಿ ಬೊಬ್ಬೆ ಎದ್ದಿತ್ತು, ಅದಕ್ಕೇ ಬಿಚ್ಚಿದೆ ಅಂದ. ಬಿಚ್ಚಿದ್ದು ಸರಿ, ಬೀಸಿದ್ದು ಯಾಕೆ ಅಂತ ನಾನಾಗಿದ್ದರೆ ಕೇಳುತ್ತಿದ್ದೆ. ಹೇಗೋ 5000ಕ್ಕೆ ಬಿಟ್ಟರು.

ನನ್ನ ಕೇಳಿದರೆ ಮ್ಯೂನಿಕ್‌ನ ಓಟಕ್ಕಿಂತ ಈ 5000 ದೊಡ್ಡದು. ಜುಲೈ 30. ಕೊನೆಯ ಸುತ್ತಿಗೆ ಬಂದಾಗ ನಾಲ್ಕೈದು ಜನ ಒಂದೇ ಗುಂಪು. ಹೆಚ್ಚಿನವರು ವಿರೆನ್‌ಗಿಂತ ಫ್ರೆಶ್, ಕೆಲವರು 1500 ಮೀಟರಿನ ವೇಗಿಗಳು. ವಿರೆನ್ ಮುಂದೆ, ಒಳಗಿನ ಅಂಚಿಗೆ ಒರಗಿದ ಹಾಗೆ. ನ್ಯೂಜಿಲೆಂಡಿನ ಡಿಕ್ ಕ್ವಾಕ್ಸ್, ರಾಡ್ ಡಿಕ್ಸನ್, ಜರ್ಮನಿಯ ಹಿಲ್ಡೆನ್‌ಬ್ರಾಂಡ್ ಒಬ್ಬರಾದ ಮೇಲೆ ಒಬ್ಬರು ಹೊರಗಿನಿಂದ ನುಗ್ಗಿದರು. ಪ್ರತಿ ಸಲ ವಿರೆನ್ ಒಂದಿಷ್ಟೇ ಇಷ್ಟು ವೇಗ ಏರಿಸುತ್ತಾನೆ, ಬಂದವನು ತಿರುವಿನಲ್ಲಿ ಹೊರಗೇ ಸುತ್ತಬೇಕು. ಕೊನೆಯ ಸುತ್ತು ಸುಮಾರು 55 ಸೆಕೆಂಡ್. 13:24.76. ನಾಲ್ಕನೆಯವನಾದ ಡಿಕ್ಸನ್ 13:25.50. ನಾಲ್ಕು ಜನ ಮುಕ್ಕಾಲು ಸೆಕೆಂಡಿನ ಒಳಗೆ! ಮೂರನೇ ಸ್ಥಾನಕ್ಕೆ ಹಿಲ್ಡೆನ್‌ಬ್ರಾಂಡ್ ಗೆರೆಯ ಮೇಲೆ ಹಾರಿ ಬಿದ್ದೇಬಿಟ್ಟ.

ಮರುದಿನ ಮ್ಯಾರಥಾನ್. ಹೌದು, ಮರುದಿನವೇ. ಅವನ ಜೀವನದ ಮೊದಲ ಮ್ಯಾರಥಾನ್ ಕೂಡ. 1952ರಲ್ಲಿ ಚೆಕ್ ಓಟಗಾರ ಎಮಿಲ್ ಝಾಟೊಪೆಕ್ ಮೂರೂ ಓಟ ಗೆದ್ದಿದ್ದರಲ್ಲ, ಅದನ್ನು ಮುಟ್ಟುವ ಆಸೆ. ಆದರೆ ಝಾಟೊಪೆಕ್‌ಗೆ 5000 ಮತ್ತು ಮ್ಯಾರಥಾನ್ ನಡುವೆ ಮೂರು ದಿನ ಸಿಕ್ಕಿತ್ತು. ವಿರೆನ್ ಐದನೆಯವನಾದ, 2:13:11. ಹೀಟ್ಸ್ (ಫೈನಲ್‌ಗೆ ಆಯ್ಕೆಯಾಗಲು ಓಡುವ ಸುತ್ತಿನ ಸ್ಪರ್ಧೆ) ಸೇರಿಸಿದರೆ ಒಂಬತ್ತು ದಿನದಲ್ಲಿ 72 ಕಿಲೋಮೀಟರ್ ಸ್ಪರ್ಧೆಯ ಓಟ. ಅದೇ ಮಳೆಯ ರಸ್ತೆಯಲ್ಲಿ ನಮ್ಮ ಶಿವನಾಥ್ ಸಿಂಗ್ 11ನೆಯವರಾಗಿ ಬಂದರು, 2:16:22. ವಿರೆನ್‌ಗಿಂತ ಮೂರು ನಿಮಿಷ ಚಿಲ್ಲರೆ ಹಿಂದೆ. ವಿರೆನ್ ಗೆದ್ದ 10,000 ಮೀಟರಿನ ಹೀಟ್ಸ್‌ನಲ್ಲಿ ನಮ್ಮ ಹರಿಚಂದ್ ಓಡಿದ 28:48.72 ಮೂರು ದಶಕಕ್ಕೂ ಹೆಚ್ಚು ಕಾಲ ಭಾರತದ ದಾಖಲೆಯಾಗಿ ಉಳಿಯಿತು. ಈ ಇಬ್ಬರ ಹೆಸರನ್ನೂ ಮಗಳಿಗೆ ಹೇಳಿ. ನಮ್ಮ ಮಕ್ಕಳಿಗೆ ಇವರು ಗೊತ್ತೇ ಇಲ್ಲ.

ಈಗ ರಕ್ತದ ವಿಷಯ. ಇದನ್ನು ಮುಚ್ಚಿಡುವುದು ಬೇಡ.

ಬ್ಲಡ್ ಡೋಪಿಂಗ್ ಅಂದರೆ ಇಷ್ಟು. ಓಟಗಾರನ ಮೈಯಿಂದ ಹೆಚ್ಚುಕಮ್ಮಿ ಒಂದು ಲೀಟರ್ ರಕ್ತ ತೆಗೆದು ಇಡುತ್ತಾರೆ. ಕೆಲವು ವಾರದಲ್ಲಿ ಮೈ ಆ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಸ್ಪರ್ಧೆಯ ಮುಂಚೆ ಇಟ್ಟಿದ್ದ ಕೆಂಪು ಕಣಗಳನ್ನು ವಾಪಸ್ ಏರಿಸುತ್ತಾರೆ. ಸ್ನಾಯುಗಳಿಗೆ ಆಮ್ಲಜನಕ ಒಯ್ಯುವ ಗಾಡಿಗಳು ಜಾಸ್ತಿಯಾದ ಹಾಗೆ. ಸ್ವೀಡನ್ನಿನ ವಿಜ್ಞಾನಿ ಬ್ಯೋರ್ನ್ ಎಕ್‌ಬ್ಲೋಮ್ ಮತ್ತು ಅವರ ಜೊತೆಗಾರರು ಇದರಿಂದ ದಮ್ಮು ಹೆಚ್ಚುತ್ತದೆ ಎಂದು ತೋರಿಸಿದ್ದು 1972ರಲ್ಲೇ. ಹಾಗಾಗಿ ಜನ ಕಣ್ಣು ಹಾಯಿಸಿದ್ದು ನೆರೆಯ ಫಿನ್‌ಲೆಂಡಿನ ಮೇಲೆ. ಅನುಮಾನಕ್ಕೆ ಆಧಾರವೇ ಇರಲಿಲ್ಲ ಅಂತಲ್ಲ. 1980ರ ಮಾಸ್ಕೊದಲ್ಲಿ ಎರಡು ಪದಕ ಗೆದ್ದ ಫಿನ್‌ಲೆಂಡಿನ ಕಾರ್ಲೊ ಮಾನಿಂಕ, ತಾನು ರಕ್ತ ಏರಿಸಿಕೊಂಡಿದ್ದೆ ಎಂದು ಆಮೇಲೆ ಒಪ್ಪಿಕೊಂಡ. ವಿರೆನ್ ಮಾತ್ರ ಯಾವತ್ತೂ ಒಪ್ಪಿಲ್ಲ. ಕೇಳಿದಾಗಲೆಲ್ಲ ಇಲ್ಲ ಅಂದಿದ್ದಾನೆ. ಒಮ್ಮೆ ನಿನ್ನ ಗುಟ್ಟೇನು ಅಂದಾಗ ಹಿಮಸಾರಂಗದ ಹಾಲು ಅಂತ ತಮಾಷೆ ಮಾಡಿದ್ದ. ಹಿಮಸಾರಂಗ ಇರುವುದು ಉತ್ತರದ ಲ್ಯಾಪ್‌ಲೆಂಡ್ ಕಡೆ, ಅವನ ಊರು ದಕ್ಷಿಣದಲ್ಲಿ!

ಅವನ ವಿರುದ್ಧ ಏನೂ ಸಾಬೀತಾಗಿಲ್ಲ. ಇನ್ನೊಂದು ಮಾತು: ಆ ಕಾಲದಲ್ಲಿ ಇದು ನಿಷೇಧಿತವೂ ಆಗಿರಲಿಲ್ಲ. ನಿಯಮ ಬಂದದ್ದು 1980ರ ದಶಕದ ಮಧ್ಯದಲ್ಲಿ. ಅನುಮಾನ ಪಡುವವರ ಮುಖ್ಯ ವಾದ ‘ಒಲಿಂಪಿಕ್ಸ್‌ನಲ್ಲಿ ಮಾತ್ರ ಗೆಲ್ಲುತ್ತಾನೆ, ನಡುವಿನ ವರ್ಷಗಳಲ್ಲಿ ಸೋಲುತ್ತಾನೆ’ ಅನ್ನುವುದು. ತಮಾಷೆ ಅಂದರೆ ಹೈಕ್ಕೊಲ ಅವರ ವಾದವೂ ಅದೇ! ನಾಲ್ಕು ವರ್ಷದ ತಯಾರಿಯನ್ನು ಒಂದು ವಾರಕ್ಕೆ ಗುರಿಯಿಟ್ಟರೆ ಹಾಗೇ ಆಗುತ್ತದೆ. ಒಂದೇ ಸಾಕ್ಷಿ ಎರಡೂ ಕಡೆಗೆ ನಿಲ್ಲುತ್ತದೆ. ಮೂವತ್ತು ವರ್ಷ ಮಣ್ಣಿನ ಟ್ರ್ಯಾಕಿನಲ್ಲಿ ಮಕ್ಕಳನ್ನು ಓಡಿಸಿದವನಾಗಿ ಹೇಳುತ್ತೇನೆ, ಎರಡನೆಯದು ಸಾಧ್ಯ ಇಲ್ಲದ್ದೇನಲ್ಲ. ನಮ್ಮ ಮಕ್ಕಳು ತಾಲ್ಲೂಕು ಕೂಟ, ದಸರಾ ಕೂಟ, ಜಿಲ್ಲೆ, ವಲಯ ಅಂತ ಪ್ರತಿ ಹದಿನೈದು ದಿನಕ್ಕೊಮ್ಮೆ ಪೂರ್ತಿ ಹಿಂಡಿಕೊಂಡು, ರಾಜ್ಯ ಮಟ್ಟಕ್ಕೆ ಬರುವಾಗ ಕಬ್ಬಿನ ಸಿಪ್ಪೆ ಆಗಿರುತ್ತಾರೆ. ಚಿಕ್ಕ ಕೂಟದಲ್ಲಿ ಸೋತರೆ ಸೋಲಲಿ ಅನ್ನುವ ಧೈರ್ಯ ತಂದೆ ತಾಯಿಗೂ ಇಲ್ಲ, ಕೋಚ್‌ಗೂ ಇಲ್ಲ. ನನಗೂ ಬಹಳ ವರ್ಷ ಇರಲಿಲ್ಲ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1980ರ ಮಾಸ್ಕೊದಲ್ಲಿ ವಿರೆನ್ 10,000ದಲ್ಲಿ ಐದನೆಯವನು. ಗೆದ್ದವನು ಎಂಟು ವರ್ಷ ಕಾದಿದ್ದ ಯಿಫ್ಟರ್. ಮ್ಯಾರಥಾನ್ ಅರ್ಧಕ್ಕೆ ಬಿಟ್ಟ. ಆಮೇಲೆ ಲಾರಿ ಸಾಗಾಣಿಕೆಯ ವ್ಯವಹಾರ, ರಾಜಕೀಯ. 1999ರಿಂದ 2007ರವರೆಗೆ, ಮತ್ತೆ 2010ರಿಂದ 2011ರವರೆಗೆ ಫಿನ್‌ಲೆಂಡ್ ಪಾರ್ಲಿಮೆಂಟ್ ಸದಸ್ಯ. ಹೆಲ್ಸಿಂಕಿಯ ಒಲಿಂಪಿಕ್ ಸ್ಟೇಡಿಯಂ ಹತ್ತಿರ ನುರ್ಮಿಯ ಪ್ರತಿಮೆ ಇದೆ, ವಿರೆನ್‌ದೂ ಇದೆ. ಒಂದಾದ ಮೇಲೊಂದು ಎರಡು ಒಲಿಂಪಿಕ್ಸ್‌ನಲ್ಲಿ 5000, 10,000 ಎರಡನ್ನೂ ಗೆದ್ದವರು ಅವನ ನಂತರ ಬ್ರಿಟನ್ನಿನ ಮೊ ಫರಾ ಒಬ್ಬರೇ, 2012 ಮತ್ತು 2016ರಲ್ಲಿ. ವಿಚಿತ್ರ ನೋಡಿ, ರಿಯೊದ 10,000ದಲ್ಲಿ ಫರಾ ಕೂಡ ಬಿದ್ದು ಎದ್ದು ಗೆದ್ದದ್ದು.

ಇನ್ನು ಮಗಳಿಗೆ ಏನು ಹೇಳಬೇಕು ಅಂತ. ಬಿದ್ದರೆ ಎದ್ದ ಮೇಲೆ ಮೊದಲು ತನ್ನ ಮಾಮೂಲಿ ವೇಗಕ್ಕೆ ಬರಲಿ. ಕಳೆದುಹೋದ ನಾಲ್ಕು ಸೆಕೆಂಡನ್ನು ಎರಡು ಸುತ್ತಿನಲ್ಲಿ ವಾಪಸ್ ತರಲಿ, ಸುತ್ತಿಗೆ 94ರಂತೆ. 96ರಿಂದ 94ಕ್ಕೆ ಇಳಿಯುವುದು ಮೈಗೆ ಹೆಚ್ಚು ಗೊತ್ತಾಗುವುದಿಲ್ಲ, 88ಕ್ಕೆ ಹಾರುವುದು ಗೊತ್ತಾಗುತ್ತದೆ. ಅಭ್ಯಾಸದ ದಿನ ಓಟದ ನಡುವೆ ಯಾವಾಗಾದರೂ ಸೀಟಿ ಊದಿ, ಅವಳು ನೆಲಕ್ಕೆ ಕೂತು ಎದ್ದು ಓಡಲಿ. ಮುಂದೆ ಅಣ್ಣನೋ ಗೆಳತಿಯೋ ಓಡುತ್ತಿರಲಿ. ಮೊದಲ ಸಲ ಖಂಡಿತ 50 ಮೀಟರಿಗೇ ಹಿಡಿಯಲು ಹೋಗುತ್ತಾಳೆ. ನಾಲ್ಕನೇ ಸಲಕ್ಕೆ ಸರಿಯಾಗುತ್ತದೆ.

ಜೊತೆಗೆ ಮ್ಯೂನಿಕ್, ಮಾಂಟ್ರಿಯಲ್ ಎರಡೂ ಓಟದ ವಿಡಿಯೊ ತೋರಿಸಿ. ಬೀಳುವ ಜಾಗ ಒಂದು ಸಲ ನೋಡಲಿ, ಸಾಕು. ಆಮೇಲೆ ವಿರೆನ್ ಕಾಲಿನ ಪಕ್ಕದ ಗೆರೆ ನೋಡಲು ಹೇಳಿ. ತಿರುವುಗಳಲ್ಲಿ ಸಾಧ್ಯವಾದಾಗಲೆಲ್ಲ ಒಳಗಿನ ಅಂಚಿಗೆ ಅಂಟಿಕೊಂಡಿರುತ್ತಾನೆ. ಆ ಅಂಚಿನಿಂದ ಒಂದೇ ಒಂದು ಮೊಳ ಹೊರಗೆ ಓಡಿದರೆ ಪ್ರತಿ ಸುತ್ತಿಗೆ ಸುಮಾರು 2.8 ಮೀಟರ್ ಜಾಸ್ತಿ. ಅವನ 25 ಸುತ್ತಿಗೆ 70 ಮೀಟರ್. ನಿಮ್ಮ ಮಗಳ ಏಳೂವರೆ ಸುತ್ತಿಗೆ 21 ಮೀಟರ್, ಅಂದರೆ ಐದು ಸೆಕೆಂಡ್. ಮೊನ್ನೆ ಬಿದ್ದು ಕಳೆದುಕೊಂಡದ್ದು ನಾಲ್ಕು. ಆ ಕೂಟದ ವಿಡಿಯೊ ನಿಮ್ಮ ಮೊಬೈಲಿನಲ್ಲಿದ್ದರೆ, ಬೀಳುವ ಮುಂಚಿನ ಎರಡು ಸುತ್ತಿನಲ್ಲಿ ಅವಳು ಗೆರೆಯಿಂದ ಎಷ್ಟು ದೂರ ಓಡುತ್ತಿದ್ದಳು ಅಂತ ಇಬ್ಬರೂ ಕೂತು ನೋಡಿ.